ಈರಮ್ಮನ ಮನೆ ಮುಂದೆ ನಿಲ್ಲದ ಡ್ರಮ್ಮು

ತೆಲಂಗಾಣ ರಾಜ್ಯವಾದ ದಿನ, ಅಂದರೆ ೨೦೧೪ರ ಜೂನ್ ಎರಡರಂದು, ನಾನು ಮಕ್ತಲ್‌ನಲ್ಲಿದ್ದೆ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಹೈದರಾಬಾದಿನ ಒಂದು ಮೆಟಲ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದೆ. ಮೆಟಲ್ ಅಂದರೆ ರಾಕ್ ಸಂಗೀತದಲ್ಲೇ ಬಹಳ ಜೋರಿನದು. ಹಾಡುವವನು ಗಂಟಲು ಹರಿಯುವಂತೆ ಕೂಗುತ್ತಾನೆ. ಡ್ರಮ್ಸ್‌ನವನು ಎರಡು ಕೈ ಎರಡು ಕಾಲು ನಾಲ್ಕನ್ನೂ ಒಟ್ಟಿಗೆ ದುಡಿಸಬೇಕು. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಅಂಗಿ ಹಿಂಡಿದರೆ ನೀರು ಸುರಿಯುತ್ತಿತ್ತು.

ನಮ್ಮೂರು ಮಕ್ತಲ್ ಹತ್ತಿರದ ಉಟ್ಕೂರು, ಕರ್ನಾಟಕದ ಗಡಿ ಕಡೆಯದು, ಮನೆಮಾತು ಕನ್ನಡ. ಮನೆಯಲ್ಲಿ ಕುರಿ ಸಾಕುತ್ತಾರೆ. ನಾರಾಯಣಪೇಟೆಯಲ್ಲಿ ಇಂಟರ್, ಅಂದರೆ ಪಿಯುಸಿ, ಮುಗಿಸಿ ಡಿಗ್ರಿ ಓದಲು ಹೈದರಾಬಾದಿಗೆ ಹೋದ ನಾನು ಕಾಲೇಜಿನ ಬ್ಯಾಂಡ್ ಸೇರಿದೆ, ಡಿಗ್ರಿ ಅರ್ಧಕ್ಕೇ ನಿಂತಿತು. ಹಗಲು ಸಂಗೀತದ ಸಾಮಾನು ಮಾರುವ ಅಂಗಡಿಯಲ್ಲಿ ಕೆಲಸ, ಉಳಿದ ಹೊತ್ತೆಲ್ಲ ಡ್ರಮ್ಸ್. ಊರಲ್ಲಿ ಯಾರಾದರೂ ಕೇಳಿದರೆ ನಮ್ಮಪ್ಪ, ಬಾಜಾ ಬಾರಿಸುತ್ತಾನೆ ಎಂದಷ್ಟೇ ಹೇಳುತ್ತಿದ್ದರು.

ಆ ದಿನದ ಸಂಗತಿ ಹೇಳುವ ಮೊದಲು ಇನ್ನೊಂದು ವಿಷಯ ಹೇಳಬೇಕು. ಅದಕ್ಕೂ ಎರಡು ವರ್ಷದ ಹಿಂದಿನಿಂದ ನನ್ನ ಬಲಗಿವಿಗೆ ಕೇಳಿಸುವುದು ಕಡಿಮೆಯಾಗುತ್ತಾ ಬಂದಿತ್ತು. ಮೊದಮೊದಲು ಕಾರ್ಯಕ್ರಮವಾದ ಮೇಲೆ ಗುಂಯ್ ಎನ್ನುತ್ತಿತ್ತು, ಬೆಳಗಾದರೆ ಸರಿಹೋಗುತ್ತಿತ್ತು. ಆಮೇಲೆ ಸರಿಹೋಗುವುದನ್ನೇ ಬಿಟ್ಟಿತು. ಬ್ಯಾಂಡಿನಲ್ಲಿ ಗೊತ್ತಾದರೆ ನನ್ನ ಜಾಗಕ್ಕೆ ಬೇರೆಯವರನ್ನು ತರುತ್ತಾರೆಂಬ ಹೆದರಿಕೆಯಿಂದ ಯಾರಿಗೂ ಹೇಳಲಿಲ್ಲ. ಮಾತು ಕೇಳಿಸದಿದ್ದಾಗ ಹೂಂ ಎಂದು ತಲೆಯಾಡಿಸುವುದು ರೂಢಿಯಾಗಿಬಿಟ್ಟಿತ್ತು. ಹತ್ತರಲ್ಲಿ ಎಂಟು ಸಲ ಅದು ನಡೆದುಹೋಗುತ್ತದೆ.

ಮಕ್ತಲ್‌ನಲ್ಲಿ ನಮ್ಮ ಸಾಬಣ್ಣ ಕಾಕಾ ಇದ್ದರು, ಅಪ್ಪನ ತಮ್ಮ. ಅವರು ಇರುವ ಓಣಿಯವರೆಲ್ಲ ಸೇರಿ ರಾಜ್ಯ ಬಂದ ಸಂತೋಷಕ್ಕೆ ಮೆರವಣಿಗೆ ಇಟ್ಟುಕೊಂಡಿದ್ದರು. ಕಾಕಾ ಹದಿನೈದು ದಿನ ಮೊದಲೇ ಫೋನ್ ಮಾಡಿ, ನಿನ್ನ ಮೆಟಲ್ ಬ್ಯಾಂಡ್ ಕರೆದುಕೊಂಡು ಬಾ, ಬೇರೆ ಯಾರಿಗೂ ಹೇಳಿಲ್ಲ ಎಂದಿದ್ದರು. ನಮ್ಮ ಗಿಟಾರ್ ವಾದಕ ಶ್ರೀಕಾಂತ್ ಗದ್ವಾಲದವನು, ನಮ್ಮ ಕಡೆಯಲ್ಲಿ ಒಮ್ಮೆ ಬಾರಿಸೋಣ ಎಂದು ಅವನಿಗೂ ಆಸೆ. ನಾಲ್ಕೂ ಜನ ಗಾಡಿಯಲ್ಲಿ ಸಾಮಾನು ತುಂಬಿಕೊಂಡು ಬೆಳಿಗ್ಗೆ ಒಂಬತ್ತಕ್ಕೆ ಮಕ್ತಲ್ ಮುಟ್ಟಿದೆವು. ಸ್ಟೇಜ್ ಎಲ್ಲಿ, ಕರೆಂಟ್ ಎಲ್ಲಿಂದ ಎಂದು ಶ್ರೀಕಾಂತ್ ಕೇಳಿದ.

ಕಾಕಾ ಗಾಡಿಯೊಳಗೆ ಇಣುಕಿ ನೋಡಿ, “ತುತ್ತೂರಿ ಎಲ್ಲಿ ಅದಾವೋ?” ಎಂದರು.

ಮೆಟಲ್ ಬ್ಯಾಂಡ್ ಎಂದರೆ ಅವರು ಮದುವೆಯಲ್ಲಿ ಬರುವ ಹಿತ್ತಾಳೆ ಬ್ಯಾಂಡ್ ಎಂದುಕೊಂಡಿದ್ದರು. ಇನ್ನೂರು ಮುನ್ನೂರು ಜನ ಕೈಯಲ್ಲಿ ಗುಲಾಲು ಹಿಡಿದು ನಿಂತಿದ್ದರು. ಆ ದಿನ ಸುತ್ತಮುತ್ತಲ ಬ್ಯಾಂಡಿನವರೆಲ್ಲ ಬೇರೆ ಬೇರೆ ಊರಿಗೆ ಹೋಗಿದ್ದರು. ಕಾಕಾನ ಮುಖ ಸಪ್ಪಗಾಯಿತು. ನಾನು ಸ್ನೇರ್ ತೆಗೆದೆ. ಡ್ರಮ್ಸ್‌ನಲ್ಲಿ ಬಾರಿಸುವವನ ಮೊಣಕಾಲ ನಡುವೆ ಇರುತ್ತದಲ್ಲ, ಆ ಚಿಕ್ಕ ಡ್ರಮ್ಮು. ಎರಡು ಟವೆಲ್ ಗಂಟು ಹಾಕಿ ಅದನ್ನು ಕೊರಳಿಗೆ ಕಟ್ಟಿಕೊಂಡೆ. ಉಳಿದಿಬ್ಬರು ನಗುತ್ತಾ ಗಾಡಿಯಲ್ಲೇ ಕೂತರು. ಶ್ರೀಕಾಂತ್ ನೀರಿನ ಬಾಟಲಿ ಹಿಡಿದು ನನ್ನ ಹಿಂದೆ ಬಂದ. ನಾನು ಡ್ರಮ್ಮಿನ ತಿರುಪು ಬಿಗಿ ಮಾಡುವಾಗ ಕಾಕಾ ಬಲಕ್ಕೆ ನಿಂತು ಏನೋ ಹೇಳಿದರು. ನಾನು ತಲೆಯಾಡಿಸಿದೆ.

ಮೆರವಣಿಗೆ ಹೊರಟಿತು. ಸ್ವಲ್ಪ ದೂರದಲ್ಲೇ ಜನ ಕುಣಿಯತೊಡಗಿದರು. ಹೈದರಾಬಾದಿನಲ್ಲಿ ನಮ್ಮ ಮುಂದೆ ಐವತ್ತು ಜನ ಕೂಡಿದರೆ ಹೆಚ್ಚು. ಇಲ್ಲಿ ಮುದುಕರು ಟವೆಲ್ ತಿರುಗಿಸುತ್ತಾ ಕುಣಿಯುತ್ತಿದ್ದರು. ನಾನು ತಾಳ ಏರಿಸಿದೆ. ಬಿಸಿಲು ಸುಡುತ್ತಿತ್ತು, ಗುಲಾಲು ಕಣ್ಣಿಗೆ ಬೀಳುತ್ತಿತ್ತು, ಕಣ್ಣು ಮುಚ್ಚಿಕೊಂಡೇ ನಡೆದೆ. ಒಂದು ಓಣಿಗೆ ತಿರುಗಿ ಮೂವತ್ತು ಹೆಜ್ಜೆ ಹೋಗಿರಬೇಕು, ಯಾರೋ ನನ್ನ ಮುಂಗೈ ಹಿಡಿದು ಎಳೆದರು. ಕಣ್ಣು ಬಿಟ್ಟರೆ ಕಾಕಾ. ಹಿಂದೆ ಮೆರವಣಿಗೆ ಯಾವಾಗಲೋ ನಿಂತಿತ್ತು. ಎಲ್ಲರೂ ಕೈಮುಗಿದು ತಲೆ ಬಗ್ಗಿಸಿದ್ದರು. ಅಲ್ಲೊಂದು ತಗಡಿನ ಮನೆ, ಬಾಗಿಲಲ್ಲಿ ಒಬ್ಬ ಹೆಂಗಸು.

“ಈರಮ್ಮನ ಮನಿ ಬಂದ್ರ ಬಂದ್ ಮಾಡು ಅಂತ ಹೇಳಿದ್ದಿಲ್ಲೇನೋ ನಿನಗ?” ಎಂದು ಕಾಕಾ ಹಲ್ಲು ಕಚ್ಚಿ ಹೇಳಿದರು.

ಅಲ್ಲೇ ಅವಸರದಲ್ಲಿ ವಿಷಯ ತಿಳಿಸಿದರು. ಈರಮ್ಮನಿಗೆ ಒಬ್ಬನೇ ಮಗ, ಮಲ್ಲೇಶಿ. ಮೂರು ವರ್ಷದ ಹಿಂದೆ ಪ್ರತ್ಯೇಕ ತೆಲಂಗಾಣ ಹೋರಾಟದ ಸಭೆಗೆಂದು ಹೈದರಾಬಾದಿಗೆ ಹೋಗಿ ವಾಪಸು ಬರುವಾಗ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ. ಮೆರವಣಿಗೆಯನ್ನು ಆ ಮನೆ ಮುಂದೆ ಐದು ನಿಮಿಷ ಮೌನವಾಗಿ ನಿಲ್ಲಿಸಬೇಕೆಂದು ಓಣಿಯವರು ತೀರ್ಮಾನಿಸಿದ್ದರು. ಮಗನನ್ನು ಕಳೆದುಕೊಂಡವಳ ಬಾಗಿಲಲ್ಲಿ ನಾನೊಬ್ಬನೇ ಮದುವೆ ಮನೆಯಲ್ಲೆಂಬಂತೆ ಬಾರಿಸುತ್ತಾ ಹೋಗಿದ್ದೆ. ಎಷ್ಟೋ ವೇದಿಕೆಗಳಲ್ಲಿ ತಪ್ಪು ಬಾರಿಸಿದ್ದೇನೆ. ಇಂಥ ನಾಚಿಕೆ ಯಾವತ್ತೂ ಆಗಿರಲಿಲ್ಲ.

ತಪ್ಪಾಯಿತು ಎಂದು ಹೇಳಲು ಬಾಗಿಲ ಹತ್ತಿರ ಹೋದೆ. ಈರಮ್ಮ ಮೆಲ್ಲಗೆ ಏನೋ ಅಂದರು. ನಾನು ಹೂಂ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹತ್ತಿರ ಬಂದು ಎಡಗಡೆ ನಿಂತರು.

“ಯಾರ ಮಗಪ್ಪಾ ನೀ ಅಂತ ಕೇಳಿದ್ರ ಹೂಂ ಅಂತಿ. ಕಿವಿ ಕೇಳಂಗಿಲ್ಲೇನು?”

ಎರಡು ವರ್ಷ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಬಲಗಿವಿ ಕೇಳಂಗಿಲ್ರಿ ಯವ್ವಾ. ಎರಡು ವರ್ಷ ಆತು. ಯಾರಿಗೂ ಹೇಳಿಲ್ರಿ” ಎಂದೆ. ಹೇಳಿದ ಮೇಲೆ ತಿರುಗಿ ನೋಡಿದೆ. ಶ್ರೀಕಾಂತ್ ಎರಡು ಹೆಜ್ಜೆ ಹಿಂದೆ ನಿಂತಿದ್ದ. ಗಡಿ ಕಡೆಯ ಗದ್ವಾಲದವನಿಗೆ ನಮ್ಮ ಕನ್ನಡ ಚೆನ್ನಾಗಿಯೇ ತಿಳಿಯುತ್ತಿತ್ತು.

ನಾನು ಕೊರಳಿನಿಂದ ಡ್ರಮ್ಮು ಬಿಚ್ಚತೊಡಗಿದೆ. ಈರಮ್ಮ ಕೈ ಅಡ್ಡ ಹಿಡಿದರು.

“ಬಿಚ್ಚಬ್ಯಾಡ, ಬಾರ್ಸು. ಮೂರು ವರ್ಷ ಆತು, ಈ ಮನಿ ಮುಂದ ಬಂದವರೆಲ್ಲ ಬಾಯಿ ಮುಚ್ಚಿಗೊಂಡು ನಿಂದರ್ತಾರ. ಅವನ ಹೆಸ್ರು ಸೈತ ಯಾರೂ ಅನ್ನಂಗಿಲ್ಲ. ಅವ ಇದ್ದಾಗ ಈ ಮನಿ ಒಂದು ಗಳಿಗಿ ಸುಮ್ನ ಇದ್ದಿಲ್ಲಪ್ಪಾ.”

ನಾನು ಕಾಕಾನ ಮುಖ ನೋಡಿದೆ. ಅವರು ಪಕ್ಕಕ್ಕೆ ಸರಿದರು. ಬಾರಿಸಿದೆ. ಮೆಟಲ್ ಅಲ್ಲ, ನಡೆಯುವ ಹೆಜ್ಜೆಯಂಥ ಸಾದಾ ತಾಳ. ಮೊದಲು ಎಲ್ಲರೂ ಹಾಗೇ ನಿಂತಿದ್ದರು. ಆಮೇಲೆ ಗುಂಪಿನಿಂದ ಒಬ್ಬ ಮಲ್ಲೇಶಿಯ ಹೆಸರು ಕೂಗಿದ. ಅವನ ಜೊತೆ ಓದಿದವನಂತೆ. ಉಳಿದವರು ದನಿಗೂಡಿಸಿದರು. ಈರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. ಅಳಲಿಲ್ಲ, ನಗಲೂ ಇಲ್ಲ. ಹೆಸರು ಕೂಗಿದಾಗೆಲ್ಲ ಯಾರು ಕೂಗಿದರೆಂದು ಆ ಕಡೆ ನೋಡುತ್ತಿದ್ದರು. ಹತ್ತು ನಿಮಿಷವಾದ ಮೇಲೆ ಅವರೇ, ಸಾಕು, ಮುಂದೆ ಹೋಗಿ, ಬಿಸಿಲು ಏರುತ್ತಿದೆ ಎಂದರು.

ವಾಪಸು ಹೋಗುವಾಗ ಗಾಡಿಯಲ್ಲಿ ಶ್ರೀಕಾಂತ್ ನನ್ನ ಎಡಗಡೆ ಬಂದು ಕೂತ. ಮಹಬೂಬ್‌ನಗರ ದಾಟಿದ ಮೇಲೆ ಮಾತಾಡಿದ. ಆರು ತಿಂಗಳಿಂದ ನನ್ನ ತಾಳ ಹಿಂದೆ ಬೀಳುತ್ತಿತ್ತಂತೆ. ನನಗೆ ಸೊಕ್ಕು ಬಂದಿದೆ, ಅಭ್ಯಾಸ ಮಾಡುತ್ತಿಲ್ಲ ಎಂದು ಮೂವರೂ ತಿಳಿದಿದ್ದರಂತೆ. ನನ್ನನ್ನು ಬಿಡಿಸಬೇಕೆಂದು ಮಾತು ಕೂಡ ಆಗಿತ್ತಂತೆ. ಕಿವಿ ಎಂದು ಮೊದಲೇ ಹೇಳಿದ್ದರೆ ಏನಾಗುತ್ತಿತ್ತು ಎಂದು ಕೇಳಿದ.

ಮುಂದಿನ ವಾರ ಹೈದರಾಬಾದಿನಲ್ಲೇ ಕಿವಿಯ ಡಾಕ್ಟರಿಗೆ ತೋರಿಸಲು ಅವನೇ ಜೊತೆಗೆ ಬಂದ. ಬಲಗಿವಿಯ ನರ ಹೋಗಿದೆ, ಅದು ಮರಳಿ ಬರುವುದಿಲ್ಲ, ಹೀಗೇ ಮುಂದುವರಿದರೆ ಎಡಗಿವಿಯೂ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಆ ವರ್ಷದ ಕೊನೆಗೆ ಬ್ಯಾಂಡ್ ಬಿಟ್ಟೆ. ನನ್ನ ಜಾಗಕ್ಕೆ ಬಂದವನಿಗೆ ಎಲ್ಲ ಹಾಡುಗಳ ತಾಳ ಕುಳಿತು ಹೇಳಿಕೊಟ್ಟೆ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಈಗ ಗದ್ವಾಲದಲ್ಲಿ ಡ್ರಮ್ಸ್ ಕಲಿಸುತ್ತೇನೆ. ಕಿವಿಗೆ ಬಿರಡೆ ಹಾಕಿಕೊಳ್ಳದೆ ಬಂದವರ ಕೈಗೆ ಕೋಲು ಕೊಡುವುದಿಲ್ಲ.

ಮಕ್ತಲ್‌ಗೆ ಹೋದಾಗ ಈರಮ್ಮನನ್ನು ಕಂಡು ಬರುತ್ತಿದ್ದೆ. ಹೋದ ವರ್ಷ ನಮ್ಮಪ್ಪ ತೀರಿಕೊಂಡರು. ಬಂಧುಗಳು, ಊರವರು ಬಂದು ನನ್ನ ಭುಜ ಮುಟ್ಟಿ, ಗೋಡೆಗೆ ಒರಗಿ ಸುಮ್ಮನೆ ಕೂತು ಎದ್ದು ಹೋದರು. ನನಗೂ ಅದೇ ಸರಿ ಅನ್ನಿಸುತ್ತಿತ್ತು. ಮೂರನೆಯ ದಿನ ಈರಮ್ಮ ಬಸ್ಸು ಹತ್ತಿ ಉಟ್ಕೂರಿಗೆ ಬಂದರು. ನೀರು ಕುಡಿದು ನನ್ನ ಪಕ್ಕದಲ್ಲಿ ಕೂತರು.

“ನಿಮ್ಮಪ್ಪನ್ನ ನಾ ನೋಡಿಲ್ಲ. ಎಂಥಾ ಮನಷ್ಯಾ ಇದ್ದ, ಹೇಳು” ಎಂದರು.

ಅಪ್ಪನಿಗೆ ಯಾವ ಪಲ್ಯ ಸೇರುತ್ತಿತ್ತು, ಸಿಟ್ಟು ಬಂದರೆ ಯಾರನ್ನು ಏನೆಂದು ಬೈಯುತ್ತಿದ್ದರು, ನಾನು ಡಿಗ್ರಿ ಬಿಟ್ಟ ಸುದ್ದಿ ಕೇಳಿ ಎಷ್ಟು ದಿನ ಮಾತು ಬಿಟ್ಟಿದ್ದರು ಎಂದು ಹೇಳಲು ಶುರು ಮಾಡಿದೆ. ನಡುವೆ ಅಳು ಬಂತು, ನಗುವೂ ಬಂತು. ಒಳಗಿದ್ದ ಅವ್ವ ಹೊರಗೆ ಬಂದು ನಾನು ತಪ್ಪು ಹೇಳಿದ್ದನ್ನು ತಿದ್ದಿದಳು. ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ.