ನಡುಗಡ್ಡೆಗೆ ಹೋಗುವ ಕಾಲ

ನಿಜಾಮರ ಆಳ್ವಿಕೆ ಮುಗಿದು ನಾಲ್ಕೈದು ವರ್ಷವಾಗಿತ್ತು. ನನ್ನ ತಂಗಿಯನ್ನು ಕೃಷ್ಣಾ ನದಿಯ ಒಂದು ನಡುಗಡ್ಡೆಗೆ ಕೊಟ್ಟಿದ್ದೆವು. ಲಿಂಗಸುಗೂರಿನಿಂದ ಚಕ್ಕಡಿಯಲ್ಲಿ ನದಿ ದಂಡೆಗೆ ಹೋಗಿ, ಅಲ್ಲಿಂದ ಹರಿಗೋಲು ಹತ್ತಬೇಕು. ನೀರಿಳಿದಾಗ ಬಲು ಚೆಂದದ ಜಾಗ. ಹೊಳೆ ತುಂಬಿತೆಂದರೆ ಅತ್ತಲಿನವರು ಅತ್ತ, ಇತ್ತಲಿನವರು ಇತ್ತ. ಅಲ್ಲಿದ್ದದ್ದು ಐದಾರು ಮನೆ, ಸೂಲಗಿತ್ತಿಯೂ ಇರಲಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ತಪ್ಪು ಮಾಡಿದೆ.

ಅವ್ವ ತೀರಿಕೊಂಡಿದ್ದಳು. ತಂಗಿಯ ಚೊಚ್ಚಲ ಹೆರಿಗೆಗೆ ಮಸ್ಕಿಯ ನನ್ನ ಮನೆಯೇ ತವರು. ಬಸುರಿಯನ್ನು ಏಳನೇ ತಿಂಗಳಲ್ಲಿ ಕರೆತರಬೇಕು, ತಪ್ಪಿದರೆ ಒಂಬತ್ತರಲ್ಲಿ. ಎಂಟರಲ್ಲಿ ಹೊಳೆ ದಾಟಿಸಬಾರದೆಂಬುದು ನಮ್ಮ ಕಡೆಯ ಕಟ್ಟು. ಏಳು ನಡೆಯುವಾಗ ಬೇಸಿಗೆ, ನದಿಯಲ್ಲಿ ಮೊಣಕಾಲುದ್ದ ನೀರು. ಆದರೆ ನಾನು ಹಪ್ಪಳ, ಸಂಡಿಗೆ ಎಂದು ಕುಳಿತುಬಿಟ್ಟೆ. ನಿಜ ಹೇಳಬೇಕೆಂದರೆ ಅವಳ ಅತ್ತೆಯ ಮುಖ ನೋಡುವ ಮನಸ್ಸಿರಲಿಲ್ಲ. ಮದುವೆಯ ಊಟಕ್ಕೆ ಉಪ್ಪು ಕಡಿಮೆಯಾಯಿತೆಂದು ನಾಲ್ಕು ಜನರೆದುರು ಅಂದಿದ್ದಳು. ನಾನು ಅಂಥದ್ದನ್ನೆಲ್ಲ ಮರೆಯುವವಳಲ್ಲ.

"ಒಂಬತ್ತು ಹತ್ತಿದ ಮ್ಯಾಲ ಹೋಗೂಣ್ರಿ" ಎಂದೆ ಗಂಡನಿಗೆ.

"ಆಗ ಮಳಿಗಾಲ ಐತಲ್ಲಲೇ."

"ನಮ್ಮ ಮಸ್ಕ್ಯಾಗ ಯಾವ ದೊಡ್ಡ ಮಳಿ ಬರ್ತೈತ್ರಿ?"

ಆಷಾಢ ಬಂತು, ಮಳೆ ಬರಲಿಲ್ಲ. ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಂತು ಬರಿದಾದ ಮುಗಿಲು ನೋಡಿ ಬೀಗುತ್ತಿದ್ದೆ. ಒಂಬತ್ತು ಹತ್ತಿದ ದಿನವೇ ಹೊರಟೆವು. ಚಕ್ಕಡಿಯ ದಾರಿಯುದ್ದಕ್ಕೂ ಎರೆಭೂಮಿ ಬಿರಿದು ಬಾಯಿಬಿಟ್ಟಿತ್ತು. "ನೋಡ್ರಿ, ನೋಡ್ರಿ" ಎಂದು ಗಂಡನ ತಲೆ ತಿನ್ನುತ್ತಲೇ ಇದ್ದೆ.

ದಂಡೆ ಮುಟ್ಟುವ ಮೊದಲೇ ಸದ್ದು ಕೇಳಿಸಿತು. ಕೆಂಪು ನೀರು ದಡದಿಂದ ದಡಕ್ಕೆ ಹರಿಯುತ್ತಿತ್ತು, ಮರಗಳು ಬೇರುಸಮೇತ ತೇಲಿ ಹೋಗುತ್ತಿದ್ದವು. ಹರಿಗೋಲು ದಡದ ಮೇಲೆ ಬೋರಲು ಬಿದ್ದಿತ್ತು.

"ಒಂದು ಹನಿ ಮಳಿ ಇಲ್ಲ, ಇದೆಲ್ಲಿ ನೀರಪ್ಪಾ?" ಎಂದು ಹರಿಗೋಲಿನವನನ್ನು ಕೇಳಿದೆ.

"ಇಲ್ಲಿ ಯಾಕ ಬೇಕವ್ವ ಮಳಿ? ಮ್ಯಾಲ ಘಟ್ಟದಾಗ ಆಗೇತಿ."

ಮರಳಲ್ಲೇ ಕುಳಿತು ಅತ್ತುಬಿಟ್ಟೆ. ತಪ್ಪು ನನ್ನದೇ ಆದರೂ ಬೈದದ್ದು ಮಾತ್ರ ಆ ಅತ್ತೆಯನ್ನು. "ಬಸುರಿ ಹುಡುಗೀನ ನೀರಿನ ನಡುವ ಇಟ್ಕೊಂಡು ಕುಂತಾಳ ನೋಡ್ರಿ, ಕಲ್ಲು ಮನಸಿನಾಕಿ!"

"ಯಕ್ಕಾ, ಯಾರಿಗೆ ಬೈಯಾಕತ್ತಿ?"

ಹಿಂದಿನಿಂದ ಬಂದ ದನಿ ತಂಗಿಯದು. ತುಂಬಿದ ಹೊಟ್ಟೆ, ಕೈಯಲ್ಲಿ ಅರ್ಧ ತಿಂದ ರೊಟ್ಟಿ. ಹರಿಗೋಲಿನವನ ಮನೆಯಿಂದ ಎದ್ದು ಬಂದಿದ್ದಳು. ಐದು ದಿನಗಳ ಹಿಂದೆ ಬಟ್ಟೆ ಒಗೆಯುವಾಗ ನೀರಿನ ಬಣ್ಣ ತುಸು ತಿರುಗಿದ್ದನ್ನು ಅವಳ ಅತ್ತೆ ಕಂಡಳಂತೆ. ಆ ಗಳಿಗೆಯಲ್ಲೇ ಸೊಸೆಯನ್ನು ಹರಿಗೋಲಿಗೆ ಹತ್ತಿಸಿ, ಇಲ್ಲಿ ಬಿಟ್ಟು, ದನಕರುಗಳಿಗಾಗಿ ತಾನು ವಾಪಸು ಹೋದಳಂತೆ.

"ಆಗಿನ್ನೂ ಎಂಟರಾಗ ಇತ್ತಲ್ಲೇ!" ಎಂದೆ.

"ನಾನೂ ಅದನ್ನ ಅಂದೆ. 'ಹೊಳಿ ನಿನ್ನ ತಿಂಗಳ ಎಣಸ್ತೈತೇನು, ಹರಿಗೋಲ ಹತ್ತು' ಅಂದ್ರು."

ಅವಳನ್ನು ತಬ್ಬಿಕೊಂಡು ಮತ್ತೆ ಅತ್ತುಬಿಟ್ಟೆ, ನಕ್ಕೆ, ಅವಳ ಕೈಯ ರೊಟ್ಟಿಯನ್ನೇ ಮುರಿದು ತಿಂದೆ. ಅಂಥ ನೆಮ್ಮದಿ ನನಗೆ ಮುಂದೆ ನನ್ನ ಹೆರಿಗೆಗಳಲ್ಲೂ ಆಗಲಿಲ್ಲ.

ಶ್ರಾವಣದಲ್ಲಿ ಮಸ್ಕಿಯಲ್ಲಿ ಹೆಣ್ಣುಮಗು ಹುಟ್ಟಿತು. ಪುಷ್ಯದಲ್ಲಿ, ನೀರಿಳಿದು ತಿಳಿಯಾದ ಮೇಲೆ, ತಾಯಿ ಮಗುವನ್ನು ಕರೆದುಕೊಂಡು ಹೋದೆವು. ಹರಿಗೋಲು ಇನ್ನೂ ದೂರವಿರುವಾಗಲೇ ಆ ಅತ್ತೆ ಸೀರೆ ಎತ್ತಿ ಕಟ್ಟಿ ನಡುಮಟ್ಟದ ನೀರಿಗೆ ಇಳಿದು ಬಂದಳು. ಮೊಮ್ಮಗಳನ್ನು ಅವಳು ನೋಡಿದ್ದೇ ಆಗ. ನನ್ನತ್ತ ತಿರುಗದೆ ಎರಡೂ ಕೈ ಚಾಚಿದಳು. ತಂಗಿಗಿಂತ ಮೊದಲು ನಾನೇ ಮಗುವನ್ನು ಎತ್ತಿ ಆ ಕೈಗಳಿಗೆ ಕೊಟ್ಟೆ.

ಮಧ್ಯಾಹ್ನ ಅವಳೇ ಬಡಿಸಿದಳು. ಪಲ್ಯಕ್ಕೆ ಉಪ್ಪು ಕಡಿಮೆಯಿತ್ತು. ನಾನು ಇನ್ನೊಂದು ಸಲ ಹಾಕಿಸಿಕೊಂಡು ತಿಂದೆ.