ಆನೆ ಕಂದಕದಲ್ಲಿ ಗಾಲ್ಫ್ ಅಭ್ಯಾಸ

ಕುಶಾಲನಗರದಲ್ಲಿ ಶುಂಠಿ ವ್ಯಾಪಾರ ಮಾಡುವ ನನ್ನ ಸೋದರಮಾವ ಶುಕ್ರವಾರ ಸಂಜೆ ಬಾಳೆಲೆ ಊರಿನ ನಮ್ಮ ಮನೆಗೆ ಬಂದಾಗ, ಜೀಪಿನ ಮುಂದಿನ ಸೀಟಿನಲ್ಲಿ ಬೆಲ್ಟ್ ಬಿಗಿಸಿಕೊಂಡು ಹೊಚ್ಚ ಹೊಸ ಗಾಲ್ಫ್ ಸೆಟ್ಟೊಂದು ಕೂತಿತ್ತು. ಮಾವ ಅತ್ತೆಗೂ ಇಷ್ಟು ಜೋಪಾನವಾಗಿ ಬೆಲ್ಟ್ ಹಾಕಿದ್ದನ್ನು ನಾನು ನೋಡಿಲ್ಲ.

"ಏನಪ್ಪಾ ಚಾಂಪಿಯನ್, ನಿಂಗೇ ಅಂತ ತಂದಿದ್ದು" ಎಂದರು. ನಾನು ಕೈ ಚಾಚಿದೆ. "ತಡಿ ತಡಿ. ಭಾನುವಾರ ಕ್ಲಬ್ಬಲ್ಲಿ ಒಂದು ರೌಂಡ್ ಆಡಾಣ. ಫೋನಲ್ಲಿ ಹೇಳಿದ್ಯಲ್ಲ, ಅದ್ರಲ್ಲಿ ಅರ್ಧ ಆಡಿ ತೋರ್ಸು, ಸೆಟ್ ನಿಂದು. ಇಲ್ಲಾಂದ್ರೆ ನಿನ್ ತಂಗೀದು. ದಸರಾ ರಜದಲ್ಲಿ ನನ್ ಜೊತೆ ಬಂದು ಪಾಪ ಏನೋ ಸ್ವಲ್ಪ ಕಲ್ತಿದ್ದಾಳೆ."

ಫೋನಿನಲ್ಲಿ ನಾನು ಹೇಳಿದ್ದು ಅಂಥ ದೊಡ್ಡದೇನಲ್ಲ. ನಾನು ಹೊಡೆದ ಚೆಂಡು ಮೋಡದೊಳಗೆ ಹೋಗಿ ಒದ್ದೆಯಾಗಿ ಬಿದ್ದದ್ದು, ಅದನ್ನು ಕಂಡ ಹಿರಿಯರೊಬ್ಬರು ನನ್ನ ಮಣಿಕಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡದ್ದು, ಇಂಥವೇ ನಾಲ್ಕು ಮಾತು. ಆಟವನ್ನು ನಾನು ಆಡಿದ್ದು ಮೊಬೈಲಿನಲ್ಲಿ. ಅದಕ್ಕೆ ಹೆಬ್ಬೆರಳೊಂದಿದ್ದರೆ ಸಾಕು, ಸೊಂಟ ಬೇಕಾಗಿಲ್ಲ.

ಸೊಂಟ ಹುಡುಕಿಕೊಳ್ಳಲು ನನಗಿದ್ದದ್ದು ಶನಿವಾರ ಒಂದೇ. ಅಭ್ಯಾಸಕ್ಕೆಂದು ಮಾವನನ್ನು ಕಾಡಿ ಸೆಟ್ಟನ್ನು ಇಸಕೊಂಡೆ. ಅಂಗಳದಲ್ಲಿ ಹೊಡೆಯೋಣವೆಂದರೆ ಅಮ್ಮನ ಹೂವಿನ ಕುಂಡಗಳು. ಕಣದಲ್ಲಿ ಕಾಫಿ ಹಣ್ಣು ಒಣಗಲು ಹರವಿತ್ತು. ತೋಟದೊಳಗೆ ಹೊಡೆದ ಮೊದಲ ಚೆಂಡು ಕಾಫಿ ಗಿಡಗಳ ನಡುವೆ ಹೋಗಿ ಸಂಸಾರ ಹೂಡಿತು, ಇವತ್ತಿಗೂ ಅದರ ಸುದ್ದಿಯಿಲ್ಲ. ಆಗ ನನ್ನ ತಲೆಗೆ ಆನೆ ಕಂದಕ ಹೊಳೆಯಿತು. ಕಾಡಿನ ಆನೆ ತೋಟಕ್ಕೆ ದಾಟದಿರಲೆಂದು ನಮ್ಮ ಗಡಿಯುದ್ದಕ್ಕೂ ತೋಡಿದ ಆಳವಾದ ಗುಂಡಿ ಅದು. ಎರಡು ಕಡೆ ಮಣ್ಣಿನ ಗೋಡೆ, ನಡುವೆ ಉದ್ದಕ್ಕೆ ನೆಲ. ಆನೆಗೇ ದಾಟಲಾಗದ್ದನ್ನು ನಿಂಬೆಹಣ್ಣಿನಷ್ಟು ಚೆಂಡು ದಾಟೀತೆ ಎಂದುಕೊಂಡೆ. ಆನೆಗೇ ದಾಟಲಾಗದ್ದು ನನಗೂ ದಾಟಲಾಗದು ಎಂಬ ಭಾಗ ಮಾತ್ರ ಹೊಳೆಯಲಿಲ್ಲ.

ಕಾಳುಮೆಣಸು ಕುಯ್ಯುವ ಬಿದಿರಿನ ಏಣಿಯೊಂದು ಹತ್ತಿರದ ಮರಕ್ಕೆ ಒರಗಿತ್ತು. ಅದನ್ನು ತಂದು ಇಳಿಬಿಟ್ಟೆ. ನನ್ನ ಆಟವನ್ನು ಜಗತ್ತು ನೋಡದೆ ಹೋದರೆ ಜಗತ್ತಿಗೇ ನಷ್ಟವೆಂದು ಫೋನನ್ನು ವಿಡಿಯೋಗೆ ಹಾಕಿ, ಮೇಲಿನ ದಿಬ್ಬದಲ್ಲಿ ಕಲ್ಲಿಗೆ ಒರಗಿಸಿಟ್ಟು, ಬ್ಯಾಗ್ ಹೊತ್ತು ಇಳಿದೆ.

ಕಂದಕದ ತಳ ಇಕ್ಕಟ್ಟು. ಸ್ಟಿಕ್ ಹಿಂದಕ್ಕೆ ಬೀಸಿದರೆ ಬೆನ್ನ ಹಿಂದಿನ ಗೋಡೆಗೆ ತಗುಲಿ, ಒಂದು ಹಿಡಿ ಮಣ್ಣು ಕಾಲರಿನೊಳಗೆ. ಹಾಗಾಗಿ ಬಾವಿಯಿಂದ ನೀರು ಸೇದುವವರ ಹಾಗೆ ನೆಟ್ಟಗೆ ಮೇಲಕ್ಕೆತ್ತಿ ನೆಟ್ಟಗೆ ಕೆಳಕ್ಕೆ ಬಿಡುವುದನ್ನು ಕಲಿತೆ. ಚೆಂಡು ಆ ಗೋಡೆಗೆ ಬಡಿದು, ಈ ಗೋಡೆಗೆ ಬಡಿದು, ಕೊನೆಗೆ ಮುಂದಕ್ಕೇ ಹೋಗುತ್ತಿತ್ತು. ಬೇರೆಲ್ಲಿಗೆ ಹೋದೀತು? ಇಷ್ಟು ನೇರವಾಗಿ ಹೊಡೆಯುವವನು ಇಡೀ ಕೊಡಗಿನಲ್ಲಿ ಇನ್ನೊಬ್ಬನಿಲ್ಲವೆಂದು ನನಗೆ ಖಾತ್ರಿಯಾಯಿತು. ಚೆಂಡುಗಳ ಹಿಂದೆ ತಿರುವು ದಾಟಿ ಹೋಗಿ, ಎಲ್ಲವನ್ನೂ ಆರಿಸಿಕೊಂಡು ವಾಪಸ್ ಬಂದಾಗ ಏಣಿ ಇರಲಿಲ್ಲ.

ಕೂಗಿದೆ. ಮೆಣಸು ಕುಯ್ಯುವವರು ದೂರದಲ್ಲೆಲ್ಲೋ ಜೋರಾಗಿ ಹಾಡು ಹಾಕಿಕೊಂಡಿದ್ದರು. ನನಗೆ ಉತ್ತರ ಕೊಟ್ಟದ್ದು ಕೆಂಬೂತ ಒಂದೇ. ನನ್ನ ಭುಜದ ಮೇಲೆ ಇನ್ನೊಬ್ಬ ನಾನು ನಿಂತಿದ್ದರೆ ಮೇಲಿನವನ ಕೈಗೆ ಅಂಚು ಎಟುಕುತ್ತಿತ್ತೇನೋ. ಆದರೆ ನನ್ನಂಥ ಇನ್ನೊಬ್ಬ ಎಲ್ಲಿ ಸಿಗುತ್ತಾನೆ? ಮೇಲೆ ಫೋನು ಎರಡು ಸಲ ಹೊಡೆದುಕೊಂಡು ಸುಮ್ಮನಾಯಿತು. ಬಿಸಿಲು ಒಂದು ಗೋಡೆ ಬಿಟ್ಟು ಇನ್ನೊಂದು ಗೋಡೆ ಹತ್ತಿತು. ಕಾಡಿನ ಕಡೆ ಬಿದಿರು ಲಟ್ ಎಂದದ್ದೇ ತಡ, ನಾನು ಬ್ಯಾಗಿನಿಂದ ಏಳನೇ ನಂಬರಿನ ಕಬ್ಬಿಣದ ಸ್ಟಿಕ್ ಎಳೆದು ಗೋಡೆಯಲ್ಲಿ ಕಾಲಿಡಲು ಮೆಟ್ಟಿಲು ಕಡಿಯತೊಡಗಿದೆ. ಕಂಪನಿಯವರಿಗೇ ಗೊತ್ತಿಲ್ಲ, ಅದು ಬಹಳ ಒಳ್ಳೆಯ ಹಾರೆ. ಕಲ್ಲು ಸಿಗುವವರೆಗೆ.

"ಅಣ್ಣಾ, ಎಂಥ ಮಾಡ್ತಿದ್ಯ ಅಲ್ಲಿ?" ಮೇಲೆ ತಂಗಿಯ ಮುಖ ಕಾಣಿಸಿತು. ಫೋನ್ ಎತ್ತದವನನ್ನು ಕಾಫಿಗೆ ಕರೆದು ತಾ ಎಂದು ಮಾವ ಕಳಿಸಿದ್ದರು.

"ಪ್ರಾಕ್ಟೀಸು."

"ಗೋಡೆಗಾ?"

"ಇದು ಬಂಕರ್ ಶಾಟ್, ಗುಂಡಿಯಿಂದ ಹೊಡೆಯೋದು. ನಿಂಗೆ ಗೊತ್ತಾಗಲ್ಲ."

"ಸರಿ, ಮಾಡು. ನಾನ್ ಬರ್ತೀನಿ."

"ಏಯ್! ಏಣಿ ಇದ್ರೆ ಒಂದು... ಸುಮ್ನೆ, ನೋಡಕ್ಕೆ."

ಅವಳು ನಗಲಿಲ್ಲ. ಸ್ಟಿಕ್ಕಿನ ತುದಿ ನೋಡಿದಳು. "ಅಯ್ಯೋ, ಹೊಸಾದ್ರಲ್ಲಿ ಕಲ್ಲು ಕೆತ್ತಿದ್ಯಾ?"

"ಮಾವಂಗೆ ಹೇಳ್ಬೇಡ ಮಾರಾಯ್ತಿ."

"ನಾನ್ಯಾಕೆ ಹೇಳ್ಲಿ? ಅವ್ರಿಗೂ ಕಣ್ಣಿದೆ."

ಅವಳು ಕರೆತಂದದ್ದು ತೋಟದ ಆಳುಕಾಳುಗಳನ್ನು ನೋಡಿಕೊಳ್ಳುವ ರೈಟರನ್ನು. ಹೆಗಲ ಮೇಲೆ ಅದೇ ಏಣಿ. "ಕೆಲಸದವ್ರು ಬಿಟ್ ಹೋಗಿದ್ದಾರೆ ಅಂತ ಅವ್ರಿಗೆ ಬೈದು ತಗೊಂಡು ಹೋದೆ ತಮ್ಮಾ. ಇದ್ರೊಳಗೆ ಆನೆ ಬಿದ್ದಿದ್ದು ಕೇಳಿದ್ದೆ. ಬ್ಯಾಗ್ ಹಾಕ್ಕೊಂಡು ಇಳಿಯೋರನ್ನ ಇದೇ ಫಸ್ಟ್ ನೋಡ್ತಿರೋದು."

ಭಾನುವಾರ ಕ್ಲಬ್ಬಿನ ಹುಲ್ಲುಗಾವಲಿನಲ್ಲಿ ನಿಂತಾಗ ನನಗೆ ಉಸಿರು ಕಟ್ಟಿತು. ಗೋಡೆಯೇ ಇಲ್ಲ. ಎಡಕ್ಕೂ ಬಯಲು, ಬಲಕ್ಕೂ ಬಯಲು, ಚೆಂಡಿಗೆ ತಪ್ಪಿಸಿಕೊಳ್ಳಲು ಸಾವಿರ ದಾರಿ, ನನಗೆ ಒಂದೂ ಇಲ್ಲ. ಮಾವ ಏಳನೇ ನಂಬರ್ ಎಳೆದು ಬಿಸಿಲಿಗೆ ಹಿಡಿದರು. "ಇದೇನಯ್ಯಾ, ಇದ್ರಲ್ಲಿ ಶುಂಠಿ ಕಿತ್ಯಾ?"

"ಅಭ್ಯಾಸ ಸ್ವಲ್ಪ ಜಾಸ್ತಿ ಆಯ್ತು ಮಾವ."

ಕಂದಕದಲ್ಲಿ ಕಲಿತ ಹಾಗೆಯೇ ನೀರು ಸೇದಿದೆ. ಹುಲ್ಲಿನ ಹೆಂಟೆಯೊಂದು ಅಂದವಾಗಿ ಹಾರಿ ಚೆಂಡಿಗಿಂತ ಮುಂದೆ ಬಿತ್ತು. ಎರಡನೆಯದು ಬಲಗಡೆಯ ಸಿಲ್ವರ್ ಓಕ್ ಮರಗಳತ್ತ ಹೊರಟಿತು. ಅಲ್ಲೊಂದು ಗೋಡೆ ಕಟ್ಟಿಸಿದ್ದರೆ ಕ್ಲಬ್ಬಿನವರ ಗಂಟೇನು ಹೋಗುತ್ತಿತ್ತು? ಮೂರನೆಯದನ್ನು ನೋಡದೆ ಮಾವ ಮೊಬೈಲ್ ನೋಡಿದರು. ತಂಗಿ ಬಂದಳು, ನಿಂತಳು, ಟಕ್ಕೆಂದು ಹೊಡೆದಳು. ಚೆಂಡು ದೂರವೇನೂ ಹೋಗಲಿಲ್ಲ, ಆದರೆ ಹೋಗಬೇಕಾದ ಕಡೆ ಹೋಯಿತು. ಮುಂದೆಯೂ ಹಾಗೆಯೇ.

ಚೆಂಡು ಮೊದಲನೇ ಹೋಲಿನ ಕುಳಿ ಸೇರುವಷ್ಟರಲ್ಲಿ ಮಾವ ನನ್ನ ಹೆಗಲಿನಿಂದ ಬ್ಯಾಗ್ ತೆಗೆದು ತಂಗಿಯ ಹೆಗಲಿಗೆ ಹಾಕಿದರು. ಹೆಗಲು ಹಗುರವಾಯಿತು.

"ಆಯ್ತಲ್ಲ ಮಾವ, ಮನೇಗೆ ಹೋಗಾಣ್ವಾ?"

"ಎಲ್ಲಿಗೆ? ರೌಂಡ್ ಅಂದ್ಮೇಲೆ ಪೂರ್ತಿ ಆಡ್ಬೇಕು. ಇನ್ನೂ ಎಂಟು ಹೋಲ್ ಉಂಟು."

ಹಿಂದೆ ನಾಲ್ವರು ಹಿರಿಯರು ತಮ್ಮ ಸರದಿಗೆ ಕಾಯುತ್ತಿದ್ದರು. ಅವರನ್ನು ದಾಟಿಕೊಂಡು ವಾಪಸ್ ಹೋಗುವ ಹಾಗಿರಲಿಲ್ಲ. ತಂಗಿ ತನ್ನ ಬ್ಯಾಗಿನಿಂದ ಹುಡುಕಿ ಹುಡುಕಿ, ಮೂತಿ ಕೆತ್ತಿಹೋದ ಆ ಸ್ಟಿಕ್ಕನ್ನೇ ತೆಗೆದು ನನ್ನ ಕೈಗಿಟ್ಟಳು.

"ನೀನು ಇದ್ರಲ್ಲೇ ಆಡು ಅಣ್ಣಾ. ಉಳಿದಿದ್ದು ಚೆನ್ನಾಗಿದಾವೆ."

ಹಿರಿಯರಲ್ಲೊಬ್ಬರು ಕೆಮ್ಮಿದರು. ನಾನು ಹೋಗಿ ಚೆಂಡಿನ ಮುಂದೆ ನಿಂತೆ.