ಹಿಮದ ಮನೆಯಲ್ಲಿ ಆಯಿಯ ಕಡಗ

ನಮ್ಮ ಮೊಮ್ಮಗಳು ಕೆಲಸ ಮಾಡಿದ ಗೂಢಚಾರನ ಆಟ ಮೊನ್ನೆ ಗುರುವಾರ ಹೊರಬಂತು. ಟಿವಿಗೆ ಹಚ್ಚಿ ಆಡುವ ಆಟ. ಅದನ್ನು ಕಣ್ಣು ಕಾಣದವರೂ ಆಡಬಹುದು. ಈ ಸುದ್ದಿಯನ್ನು ಓಣಿಯವರಿಗೆಲ್ಲ ಹೇಳಿದೆ, ಹಾಲಿನವನನ್ನು ನಿಲ್ಲಿಸಿ ಹೇಳಿದೆ, ಆದರೂ ಹಿಗ್ಗು ಹೊಟ್ಟೆಯಲ್ಲಿ ಹಿಡಿಯಲೊಲ್ಲದು. ನಾಗಣಸೂರಿನ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಗೇ ಬಿಟ್ಟವಳು ನಾನು. ಬರೆಯುವುದರಲ್ಲಿ ಹೆಚ್ಚುಕಡಿಮೆ ಇದ್ದರೆ ನಡೆಸಿಕೊಳ್ಳಬೇಕು.

ಮೊದಲು ಹೇಳಬೇಕಾಗಿದ್ದವರಿಗೆ ಮಾತ್ರ ಹೇಳಲಾಗಲಿಲ್ಲ. ಅವರು ನಮ್ಮ ಸೊಲ್ಲಾಪುರದ ಓಣಿಯ ಮೂಲೆಮನೆ ಆಯಿ.

ಆಯಿಯ ಎಡಗೈಯಲ್ಲಿ ದಪ್ಪನೆಯದೊಂದು ಹಿತ್ತಾಳೆ ಕಡಗ. ಒಂದು ಕಡೆ ಸವೆದು ಚಪ್ಪಟೆಯಾಗಿ, ಆ ಸವೆದ ಜಾಗ ಬಂಗಾರದ ಹಾಗೆ ಹೊಳೆಯುತ್ತಿತ್ತು. ಹರೆಯದಲ್ಲೇ ಅವರ ಕಣ್ಣಿನ ಬೆಳಕು ಹೋಗಿತ್ತು. ಆದರೂ ಕೋಲು ಹಿಡಿದವರಲ್ಲ. ಕಡಗವನ್ನು ಗೋಡೆಗೆ, ಕಂಬಕ್ಕೆ, ಬಾಗಿಲಿಗೆ ಮೆಲ್ಲಗೆ ತಾಗಿಸುತ್ತ, ಅದು ಹೇಳಿದ್ದನ್ನು ಕೇಳುತ್ತ ಬರುತ್ತಿದ್ದರು. ಗೋಡೆಗೆ ಟಣ್ ಎಂದರೆ ನಮ್ಮ ಮನೆ ಬಂತು, ಬಾಗಿಲಿಗೆ ಟಕ್ ಎಂದರೆ ನಾನು ಚಹಾಕ್ಕೆ ನೀರಿಡಬೇಕು.

ಗುರುವಾರಕ್ಕೊಮ್ಮೆ ನಾವಿಬ್ಬರೂ ಬಸ್ಸಿನಲ್ಲಿ ಅಕ್ಕಲಕೋಟೆಯ ಮಠಕ್ಕೆ ಹೋಗುತ್ತಿದ್ದೆವು. ಕಿಟಕಿಗೆ ಕಿವಿ ಕೊಟ್ಟು ಆಯಿ ದಾರಿ ಹೇಳುವವರು: "ಈಗ ಗ್ವಾಡಿ ಬಂತು. ಈಗ ಬೈಲು. ಈಗ ಗಿಡದ ಸಾಲು."

ಕಂಡಕ್ಟರ್ ಒಮ್ಮೆ ಅಂದ, "ಆಯಿ, ಗಾಡಿ ನೀವಽ ಹೊಡೀರಿ."

"ನಾ ಹೊಡದ್ರ ಟೈಮಿಗೆ ಮುಟ್ಟತೈತಿ ತಮ್ಮಾ. ನಿಮ್ಮ ಮಂದಿಗೆ ರೂಢಿ ಇಲ್ಲ."

ಬಸ್ಸಿಗೆ ಬಸ್ಸೇ ನಕ್ಕಿತು.

ಕಣ್ಣು ಹೋಗುವ ಮುಂಚೆ ಆಯಿ ನೋಡಿದ ಕೊನೆಯ ಸಿನಿಮಾ ಒಂದು ವಿಲಾಯತಿ ಜಾಸೂಸಿ ಪಿಕ್ಚರು, ಗೂಢಚಾರನ ಕಥೆ. ಹಿಂದಿ ಮಾತು ಹಾಕಿದ್ದರಂತೆ. ಅವರ ತಮ್ಮ ಕರೆದುಕೊಂಡು ಹೋಗಿದ್ದ. ಒಬ್ಬ ಜಾಸೂಸ ಬೆಟ್ಟದ ಮೇಲಿನ ಮನೆಯಲ್ಲಿ ಸಿಕ್ಕಿಬೀಳುತ್ತಾನೆ; ಗಡಿಯಾರಗಳ ಕೋಣೆ ದಾಟಿ, ಕಬ್ಬಿಣದ ಬಾಗಿಲು ತೆರೆದು, ಹಿಮದೊಳಗೆ ನಡೆದು ಹೋಗುತ್ತಾನೆ. ಆಯಿಯ ಕಣ್ಣಲ್ಲಿ ಉಳಿದದ್ದು ಆ ಬಿಳುಪು. ಬೇಸಿಗೆಯ ಸಂಜೆ ಕಟ್ಟೆಯ ಮೇಲೆ ಕೂತು ಅವರು ಅದನ್ನು ಹೇಳತೊಡಗಿದರೆ, ಸೊಲ್ಲಾಪುರದ ಆ ಬಿಸಿಲುಂಡ ಕಲ್ಲುಗಳೂ ತಣ್ಣಗಾದಂತೆ ಅನ್ನಿಸುತ್ತಿತ್ತು.

ಮುಂದೆ ನನ್ನ ಮಗ ಎಲ್ಲಿಂದಲೋ ಹಳೆಯದೊಂದು ಆಟ ತಂದು ಟಿವಿಗೆ ಹಚ್ಚಿದ. ನೋಡಿದರೆ ಅದೇ ಪಿಕ್ಚರಿನ ಆಟ. ಜಾಸೂಸನ ಮುಖ ಕಾಣುವುದಿಲ್ಲ. ಮುಂದೆ ಚಾಚಿದ ಕೈ, ಕೈಯಲ್ಲಿ ಪಿಸ್ತೂಲು, ಅಷ್ಟೇ. ಅವನ ಕಣ್ಣಿನಿಂದಲೇ ನಾವು ನೋಡಬೇಕು. ಮೊಮ್ಮಗಳು ಆಡುತ್ತಿದ್ದಳು, ಆಯಿ ಪಕ್ಕದಲ್ಲಿ ಕೂತು ಕೇಳುತ್ತಿದ್ದರು.

"ಪುಟ್ಟಿ, ಹಿಂದ ಒಬ್ಬ ಬರಾಕತ್ತಾನ. ಹೊಡಿಬ್ಯಾಡ, ಕೆಮ್ಮಾಕತ್ತಾನವ. ಥಂಡಿ ಹತ್ತಿರಬೇಕು."

"ಆಯಿ, ಅವ ದುಶ್ಮನ್ ಅದಾನ."

"ಇರಲಿ. ದುಶ್ಮನ್‌ಗೆ ಕೆಮ್ಮ ಬರಬಾರದೇನ?"

ಒಂದು ದಿನ ಆಯಿ ಕೈ ಚಾಚಿದರು. "ನನಗೊಮ್ಮೆ ಕೊಡು. ಆ ಬಾಗಲಾ ದಾಟಿ ಹಿಮದಾಗ ನಾನಽ ಹೋಗಬೇಕು." ಮೊಮ್ಮಗಳು ಆಟದ ಹಿಡಿಯನ್ನು ಅವರ ಕೈಗೆ ಕೊಟ್ಟು ಗುಂಡಿಗಳ ಮೇಲೆ ಬೆರಳಿಟ್ಟಳು. ಜಾಸೂಸ ನೇರ ಹೋಗಿ ಗೋಡೆಗೆ ತಾಗಿ ನಿಂತ. ನಿಂತವನು ಅಲ್ಲೇ ಕಾಲು ಬಡಿಯುತ್ತಲೇ ಇದ್ದ. ಕಾವಲಿನವರು ಬಂದು ಹೊಡೆದುಹಾಕಿದರು. ಮತ್ತೆ ಆಡಿದರು, ಮತ್ತೆ ಗೋಡೆ. ಆಯಿ ಆ ಹಿಡಿಯನ್ನು ಮೆಲ್ಲಗೆ ಅವಳ ಮಡಿಲಿಗೆ ಹಾಕಿದರು.

"ಈ ಮನಿ ಗ್ವಾಡಿ ಮೂಕ ಅದಾವು, ಪುಟ್ಟಿ. ನಮ್ಮ ಓಣ್ಯಾಗಿನವು ಮಾತಾಡತಾವು."

ಆಮೇಲೆ ಅವರು ಆಟ ಕೊಡು ಎಂದು ಕೇಳಲಿಲ್ಲ. ಆದರೆ ನನ್ನ ಮೊಮ್ಮಗಳು ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ಬೆಳೆದಳು. ದೊಡ್ಡವಳಾಗಿ ಪುಣೆಯಲ್ಲಿ ಆಟಗಳಿಗೆ ಸಪ್ಪಳ ಕೂಡಿಸುವ ಕೆಲಸ ಹಿಡಿದಳು. ಅದೇ ಹಳೆಯ ಆಟವನ್ನು ಅಲ್ಲಿ ಹೊಸದಾಗಿ ಮಾಡುವುದಾಯಿತು. ಸುದ್ದಿ ತಿಳಿದ ವಾರವೇ ಸಪ್ಪಳ ಹಿಡಿಯುವ ಡಬ್ಬಿ ತಗೊಂಡು ಊರಿಗೆ ಬಂದಳು.

ಆ ದಿನ ಆಯಿ ನಮ್ಮ ಮನೆಯೆಲ್ಲ ತಿರುಗಿ ಕಡಗ ಬಡಿದರು. ಬಾಗಿಲಿಗೆ, ಕಬ್ಬಿಣದ ಸರಳಿಗೆ, ಹಿಟ್ಟಿನ ತಗಡಿನ ಡಬ್ಬಿಗೆ. "ಕಲ್ಲ ಬೇಕಂದ್ರ ಮಠಕ್ಕ ನಡಿ," ಅಂದರು. ಅಕ್ಕಲಕೋಟೆಗೂ ಹೋದೆವು. ಅಲ್ಲಿ ಮೆಟ್ಟಿಲಿಗೆ ಕಡಗ ತಾಗಿಸಿ, "ನಾ ಈಗ ಜಾಸೂಸ ಆದ್ನಿ ನೋಡ," ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು.

ಮೊಮ್ಮಗಳು ಆ ಸಪ್ಪಳಗಳನ್ನು ಆಟದ ಗೋಡೆ ಬಾಗಿಲುಗಳಿಗೆ ಕೂಡಿಸಿದಳು; ಗುಂಡಿ ಒತ್ತಿದರೆ ಎದುರಿಗೆ ಏನಿದೆ ಎಂದು ಕಡಗ ಹೇಳಬೇಕು. ಪುಣೆಯ ಸಾಹೇಬರು ಒಪ್ಪಲಿಲ್ಲ. ಗುಂಡು ಹೊಡೆಯುವ ಆಟವನ್ನು ಕಣ್ಣು ಮುಚ್ಚಿ ಯಾರು ಆಡುತ್ತಾರೆ, ತೆಗೆದುಹಾಕು ಅಂದರಂತೆ. ಮೊಮ್ಮಗಳು ಫೋನಿನಲ್ಲಿ ಅತ್ತಳು.

"ಜಗಳಾ ಮಾಡಬ್ಯಾಡ," ಅಂದರು ಆಯಿ. "ಅವರ ಕಣ್ಣಿಗೊಂದು ಅರಿವಿ ಕಟ್ಟಿ ಆಡಾಕ ಕೂಡಸು. ಮನಿ ಆದ್ರೇನು, ಆಟ ಆದ್ರೇನು, ಬಾಗಲಾ ಸಿಕ್ಕರ ಯಾರು ಬ್ಯಾಡಂತಾರ?"

ಅವಳು ಹಾಗೆಯೇ ಮಾಡಿದಳು. ಸಾಹೇಬರಿಗೆ ಬಾಗಿಲು ಸಿಕ್ಕಿತು. ಆಟದಲ್ಲಿ ಕಡಗದ ಸಪ್ಪಳ ಉಳಿಯಿತು.

ಅಷ್ಟರೊಳಗೆ ಆಯಿ ಹೋಗಿದ್ದರು. ಚಳಿಗಾಲದ ಒಂದು ನಸುಕಿನಲ್ಲಿ, ನಿದ್ದೆಯಲ್ಲೇ. ಕಡಗವೂ ಅವರ ಕೈಯಲ್ಲೇ ಹೋಯಿತು, ಯಾರೂ ತೆಗೆಯಲಿಲ್ಲ.

ಆಟ ಹೊರಬಂದ ಗುರುವಾರ ಸಂಜೆ ಮೊಮ್ಮಗಳು ಬಂದಳು. ಬ್ಯಾಗು ಕೆಳಗಿಡುವ ಮೊದಲೇ ನನ್ನನ್ನು ಟಿವಿಯ ಮುಂದೆ ಕೂಡಿಸಿ, ನನ್ನ ಸೆರಗಿನಿಂದಲೇ ನನ್ನ ಕಣ್ಣು ಕಟ್ಟಿದಳು.

"ಅಜ್ಜಿ, ಆಯಿ ಪರವಾಗಿ ನೀನಽ ಹೋಗಬೇಕು."

ಕತ್ತಲು. ಒಂದು ಗುಂಡಿ ಒತ್ತಿದೆ. ಟಣ್. ಆಯಿ ಮುಂದೆ ಹೊರಟಂತೆ, ನಾನು ಅವರ ಹಿಂದೆ ಹಿಂದೆ. ಟಣ್ ಎಂದರೆ ಗೋಡೆ, ಹೊರಳಿದೆ. ಎಲ್ಲಿಯೋ ಒಬ್ಬ ಕೆಮ್ಮಿದ, ಅವನನ್ನು ಹೊಡೆಯದೆ ದಾಟಿದೆ. ಗಡಿಯಾರಗಳು ಟಿಕ್ ಟಿಕ್ ಎಂದು ಸುತ್ತ ನಿಂತವು. ಕಬ್ಬಿಣ ಸಿಕ್ಕಿತು. ತೆರೆಯಿತು. ಗಾಳಿ ಬಂತು, ಬೈಲಿನ ಗಾಳಿ. ಕಾಲಿಟ್ಟರೆ ಕರಕ್ ಎಂದಿತು, ಮತ್ತೊಂದು ಹೆಜ್ಜೆ, ಕರಕ್.

ಈ ಸಪ್ಪಳ ನನಗೆ ಗೊತ್ತು ಅನ್ನಿಸಿತು. "ಯವ್ವಾ, ಇದೇನಿದು?"

"ಹಿಮ ಎಲ್ಲಿಂದ ತರಲಿ ಅಜ್ಜಿ? ನಿನ್ನ ಕಡಕ್ ರೊಟ್ಟಿ ಅದು. ಅರಿವ್ಯಾಗ ಕಟ್ಟಿ ಮುರದೇನಿ."

ಕಣ್ಣಿನ ಕಟ್ಟು ಬಿಚ್ಚಲು ಮನಸ್ಸಾಗಲಿಲ್ಲ. ಬಿಚ್ಚಿದಾಗ ಸೆರಗು ತೊಯ್ದಿತ್ತು.

ಅವತ್ತು ಎಲ್ಲರೂ ಒಟ್ಟಿಗೆ ಕೂತೆವು. ಮಗ, ಸೊಸೆ, ಮೊಮ್ಮಗಳು, ಆಯಿಯ ತಮ್ಮನ ಮನೆಯವರೂ ಬಂದಿದ್ದರು. ಶೇಂಗಾ ಚಟ್ನಿ, ಪುಂಡಿ ಪಲ್ಯ, ಮೊಸರು, ನಡುವೆ ಕಡಕ್ ರೊಟ್ಟಿಯ ರಾಶಿ. ಎಲ್ಲರೂ ಹಸಿದಿದ್ದರು. ಎಲ್ಲರ ಕೈಯಲ್ಲೂ ರೊಟ್ಟಿ ಮುರಿಯುತ್ತಿತ್ತು, ಕರಕ್, ಕರಕ್. ನಾನು ತುತ್ತು ಹಿಡಿದು ಕೇಳುತ್ತ ಕೂತೆ. ನಮ್ಮ ಪಂಕ್ತಿಯ ನಡುವೆ ಯಾರೋ ಹಿಮದಲ್ಲಿ ನಿಧಾನವಾಗಿ ನಡೆದು ಹೋಗುತ್ತಿದ್ದರು.